ಸೂಜಿ ಬಿಟ್ಟವನ ಮೂಗು

ಚಳ್ಳಕೆರೆಯ ಯತ್ತಪ್ಪನ ಅಂಗಡಿ ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ. ಹತ್ತೂಕಾಲಿಗೆ ಬೈಗುಳ ಶುರುವಾಗುತ್ತದೆ. ಎದುರಿನ ಟೀ ಅಂಗಡಿಗೆ ಆ ಹೊತ್ತಿಗೇ ಗಿರಾಕಿ ಜಾಸ್ತಿ.

ಬೈಗುಳ ಹೆಚ್ಚಾಗಿ ನಾಜಲ್‌ಗಳಿಗೆ. ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸಿ ಇಂಜಿನ್ನಿಗೆ ಉಣಿಸುವ ಇಂಜೆಕ್ಟರಿಗೆ ಈ ಸೀಮೆಯಲ್ಲಿ ನಾಜಲ್ ಎಂದೇ ಹೆಸರು. ಅದನ್ನು ತೊಳೆದು, ಟೆಸ್ಟರಿಗೆ ಕಟ್ಟಿ, ಹಿಡಿ ಜಗ್ಗಿ ನೋಡಿ, ಪಾಸಾದರೆ ನೆತ್ತಿಗೊಂದು ಹಸಿರು ಚುಕ್ಕೆ ಇಡುವುದು ಅವನ ಕೆಲಸ. ಚುಕ್ಕೆ ಕಂಡ ಮೇಲೆ ಮೊಳಕಾಲ್ಮೂರಿನ ತನಕ ಯಾವ ಡ್ರೈವರೂ ಮರುಪ್ರಶ್ನೆ ಕೇಳುವುದಿಲ್ಲ. ಚಕ್ರವರ್ತಿಗಳ ರಾಜಮುದ್ರೆಗೂ ಅಷ್ಟು ಬೆಲೆ ಇತ್ತೋ ಇಲ್ಲವೋ.

ಯತ್ತಪ್ಪ ಹುಟ್ಟಿದ್ದು ನನ್ನಿವಾಳದಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಮುನ್ನೂರು ಕುರಿಯಲ್ಲಿ ಕೆಮ್ಮುವ ಒಂದನ್ನು ಕಣ್ಣು ಮುಚ್ಚಿ ಹಿಡಿಯುತ್ತಿದ್ದ ಕಿವಿ ಈಗ ಇಂಜಿನ್ನಿನ ಕೆಮ್ಮು ಹಿಡಿಯುತ್ತದೆ. "ಕುರಿ ಕೆಮ್ಮಿದ್ರೆ ಮೈ ಸವರ್ತಿದ್ದೆ, ಇಂಜಿನ್ ಕೆಮ್ಮಿದ್ರೆ ಯಾಕಪ್ಪ ಹಂಗೆ ಬೈತೀಯಾ?" ಎನ್ನುತ್ತಾಳೆ ಅವ್ವ ಬೊಮ್ಮಕ್ಕ. "ಕುರಿ ತಾನಾಗೇ ಕೆಮ್ತೈತವ್ವ. ಇಂಜಿನ್ನ ಯಾವನೋ ಬೇಕೂಫ ಕೆಮ್ಮುಸ್ತಾನೆ!"

ಒಂದು ಬೆಳಗ್ಗೆ, ಸರಿಯಾಗಿ ಹತ್ತೂಕಾಲಿಗೆ, ಪರಶುರಾಂಪುರದ ತಿಪ್ಪೇರುದ್ರಪ್ಪನವರ ಟ್ರ್ಯಾಕ್ಟರ್ ಕರಿ ಹೊಗೆ ಕಾರುತ್ತ ಬಂದು ನಿಂತಿತು. ಯಜಮಾನರ ಬಿಳಿ ಪಂಚೆಯ ಮೇಲೆಲ್ಲ ಮಸಿ.

"ಏನ್ಲೇ ಯತ್ತಪ್ಪ, ಇದೇನಾ ನಿನ್ನ ಹಸ್ರು ಚುಕ್ಕೆ? ಇದರ ಬದ್ಲು ಕುಂಕುಮ ಇಟ್ಟಿದ್ರೆ ಪೂಜೆನಾದ್ರೂ ಮಾಡ್ತಿದ್ದೆ!"

ಟೀ ಅಂಗಡಿ ಪೂರ್ತಿ ನಕ್ಕಿತು. ಯತ್ತಪ್ಪನ ಕಿವಿ ಕೆಂಪಾದವು. ಮೂರೂ ನಾಜಲ್ ಬಿಚ್ಚಿ ಟೆಸ್ಟರಿಗೆ ಕಟ್ಟಿ ಹಿಡಿ ಜಗ್ಗಿದ. ಮಂಜು ಬರಬೇಕಾದ ಕಡೆ ದಾರ ದಾರವಾಗಿ ಡೀಸೆಲ್ ಸುರಿಯಿತು. ಭೂತಗನ್ನಡಿ ಹಿಡಿದು ನೋಡಿದರೆ, ಕೂದಲೆಳೆ ಗಾತ್ರ ಇರಬೇಕಾದ ತೂತುಗಳು ಅಗಲಕ್ಕೆ ಬಾಯಿ ತೆರೆದುಕೊಂಡು ಕೂತಿವೆ.

"ಸೂಜಿ!" ಎಂದು ಅಬ್ಬರಿಸಿದ. ಟೀ ಲೋಟಗಳು ಅಲ್ಲಲ್ಲೇ ನಿಂತವು. "ನನ್ನ ಚುಕ್ಕೆ ಇಟ್ಟ ನಾಜಲ್‌ಗೆ ಯಾವನೋ ಸೂಜಿ ಬಿಟ್ಟವ್ನೆ! ಯಜಮಾನ್ರೆ, ಅವನು ಯಾವನೇ ಆಗ್ಲಿ, ನಿಮ್ಮ ಸೈಲೆನ್ಸರ್ ಮಸೀನೇ ಅವನ ಮೂಗಿಗೆ ಬಳೀದಿದ್ರೆ ನಾನು ಬೊಮ್ಮಕ್ಕನ ಮಗನೇ ಅಲ್ಲ!"

"ಹೋದ ವಾರ ಮೊಳಕಾಲ್ಮೂರಲ್ಲಿ ಗಾಡಿ ಕೆಟ್ಟು ನಿಂತಿತ್ತು. ಅಲ್ಲಿನ ಗ್ಯಾರೇಜಿನ ಜಂಪಣ್ಣ ಬಿಚ್ಚಿದ್ದ" ಎಂದರು ಯಜಮಾನರು.

ಅಷ್ಟು ಸಾಕಾಯಿತು. ವೀರನು ಮೂರು ನಾಜಲ್‌ಗಳನ್ನು ಟವೆಲ್ಲಿನಲ್ಲಿ ಸುತ್ತಿ, ಗದೆಯಂತೆ ಹೆಗಲಿಗೇರಿಸಿ, ಕೆಂಪು ಬಸ್ಸೆಂಬ ರಥವನ್ನೇರಿದ. ರಥದಲ್ಲಿ ಸೀಟಿರಲಿಲ್ಲ. ದಾರಿಯುದ್ದಕ್ಕೂ ನಿಂತೇ ಹಲ್ಲು ಕಡಿದ.

ಮೊಳಕಾಲ್ಮೂರಿನ ಗ್ಯಾರೇಜಿನಲ್ಲಿ ಜಂಪಣ್ಣ ಸ್ಟೂಲು ಹಾಕಿ, ಗಡಿಯ ತೆಲುಗಿನಲ್ಲಿ "ರಾ ಅನ್ನಾ, ಕೂಚೋ" ಎಂದ.

"ಕೂರೋಕೆ ಬಂದಿಲ್ಲ ಕಣಲೇ! ಇದಕ್ಕೆ ಸೂಜಿ ಬಿಟ್ಟೋನು ಯಾರು?"

"ನಾನೇ. ನಮ್ಮನೆ ಗೀತಮ್ಮ ಸೀರೆಗೆ ಕುಚ್ಚು ಕಟ್ತಾಳಲ್ಲ, ಆ ಮಣಿ ಪೋಣ್ಸೋ ಸೂಜಿ. ಅದೂ ದಪ್ಪ ಆಯ್ತು ಅಂತ ಉಜ್ಜಿ ಉಜ್ಜಿ ಸಣ್ಣ ಮಾಡಿ ಬಿಟ್ಟೆ. ಅರ್ಧ ದಿನ ಹಿಡೀತು."

"ಅರ್ಧ ದಿನ! ಕೊಲೆ ಮಾಡೋನೂ ಇಷ್ಟು ಶ್ರದ್ಧೆಯಿಂದ ಮಾಡಲ್ವಲ್ಲೋ! ಯಾವ ಮೂರ್ಖ ಹೇಳಿಕೊಟ್ಟ ನಿನಗೆ?"

ಜಂಪಣ್ಣ ಕಣ್ಣರಳಿಸಿದ. "ಏಮನ್ನಾ, ನೀನೇ ಹೇಳಿದ್ದು! ಫೋನ್ ಮಾಡಿ ಒಂದು ನಾಜಲ್ ಡೀಸೆಲ್ ಹೊಡೀತಿಲ್ಲ ಅಂದೆ. ಅದಕ್ಕೆ ನೀನು 'ಸೂಜಿ ಬಿಡು, ಸೂಜಿ ಬಿಡು' ಅಂತ ಎರಡು ಸಲ ಕಿರುಚಿ ಇಟ್ಬಿಟ್ಟೆ. ಮೂರಕ್ಕೂ ಬಿಟ್ಟೆ, ಯಾಕೆ ಭೇದ ಅಂತ."

ಯತ್ತಪ್ಪನ ಬಾಯಿಂದ ಹೊರಟಿದ್ದ ಬೈಗುಳ ಅರ್ಧಕ್ಕೇ ನಿಂತಿತು. ನಾಜಲ್ಲಿನ ಹೊಟ್ಟೆಯೊಳಗೆ ಮೇಲೆ ಕೆಳಗೆ ಆಡುವ ಸಣ್ಣ ಕಡ್ಡಿಯೊಂದಿದೆ. ಅದಕ್ಕೂ ಸೂಜಿ ಎಂದೇ ಹೆಸರು. ಅದು ಸಿಕ್ಕಿಕೊಂಡಿರಬೇಕು ಎಂದುಕೊಂಡು ಅವನು ಹೇಳಿದ್ದು "ಸೂಜಿ ಬಿಡ್ಸು." ಆಗ ಒಂದು ಕೈಯಲ್ಲಿ ಟೆಸ್ಟರಿನ ಹಿಡಿ, ಹೆಗಲಿಗೂ ಕಿವಿಗೂ ನಡುವೆ ಫೋನು, ಬಾಯಲ್ಲಿ ಎಲೆ ಅಡಿಕೆ. 'ಸು' ಎಲೆ ಅಡಿಕೆಯೊಳಗೇ ಉಳಿದಿತ್ತು.

ಜಂಪಣ್ಣನ ಮೇಲೆ ರೇಗಲು ಕಾರಣ ಉಳಿಯಲಿಲ್ಲವೆಂಬುದಕ್ಕೇ ಯತ್ತಪ್ಪನ ಸಿಟ್ಟು ಇಮ್ಮಡಿಯಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗಿದು, ಅದನ್ನೇ ಬೈದ.

ಮರುದಿನ ಮೂರಕ್ಕೂ ಹೊಸ ತುದಿ ಕೂರಿಸಿದ. ಹಿಡಿ ಜಗ್ಗಿದಾಗ 'ಕಿರ್ರ್' ಎಂದು ಮಂಜು ಹಾರಿತು. ತುದಿಯಲ್ಲಿ ಒಂದು ಹನಿಯೂ ನಿಲ್ಲಲಿಲ್ಲ. ಟ್ರ್ಯಾಕ್ಟರ್ ಕೆಮ್ಮದೆ ಸ್ಟಾರ್ಟ್ ಆಯಿತು. ಇಡೀ ಬೀದಿ ಕಾದಿದ್ದು ಮಾತ್ರ ಅದಕ್ಕಲ್ಲ.

"ಸಿಕ್ಕಿದ್ನೇನಲೇ ಸೂಜಿ ಬಿಟ್ಟೋನು?" ಎಂದರು ತಿಪ್ಪೇರುದ್ರಪ್ಪ.

ಜಂಪಣ್ಣನ ಹೆಸರು ಹೇಳಿದ್ದರೆ ಚುಕ್ಕೆಯ ಮರ್ಯಾದೆ ಉಳಿಯುತ್ತಿತ್ತು, ಮೂಗೂ ಉಳಿಯುತ್ತಿತ್ತು. ಯತ್ತಪ್ಪ ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ, ಮಸಿ ತೆಗೆದು ತನ್ನ ಮೂಗಿಗೇ ಉದ್ದಕ್ಕೆ ಎಳೆದುಕೊಂಡ.

"ಇಗೋ, ಸಿಕ್ಕಿದ. ಬಾಯಲ್ಲಿ ಎಲೆ ಇಟ್ಕೊಂಡು ಫೋನಲ್ಲಿ ಬೊಗಳಿದೋನು ನಾನೇ. ನಗ್ರಲೇ, ಯಾಕೆ ಸುಮ್ನಾದ್ರಿ?"

ತಿಪ್ಪೇರುದ್ರಪ್ಪ ಇಂಜಿನ್ ಕಡೆ ಬಗ್ಗಿ ನೋಡಿ ಕೇಳಿದರು: "ಎಲ್ಲಾ ಸರಿ, ನನ್ನ ಚುಕ್ಕೆ ಎಲ್ಲಿ?"



"ಇಂಜಿನ್ ಬಿಸಿ ಐತೆ, ಬಣ್ಣ ಹಿಡಿಯಲ್ಲ! ಆರೋ ತನಕ ಕೂತ್ಕಳ್ರಿ ಅತ್ಲಾಗೆ!" ಎಂದು ಯತ್ತಪ್ಪ ಗುಡುಗಿದ. ಆಮೇಲೆ ಕರಿ ಮೂಗು ಒರೆಸಿಕೊಳ್ಳದೆ ಹಸಿರು ಬಣ್ಣದ ಡಬ್ಬಿ ಹುಡುಕಲು ಒಳಗೆ ಹೋದ.