ಎಂಟು ಲಿವರಿನ ಬೀಗ ಮತ್ತು ಖಲೀಲ್ ಸಾಬರು

ಬೀಗ ತೆರೆದುಕೊಂಡ ಕೂಡಲೇ ಖಲೀಲ್ ಸಾಬರು ಬಾಗಿಲಿಗೆ ಬೆನ್ನು ಮಾಡಿ ನಿಂತುಬಿಡುತ್ತಿದ್ದರು. ಬೀರು ಇರಲಿ, ತಲೆಬಾಗಿಲಿರಲಿ, ಹತ್ತು ನಿಮಿಷ ಮಂಡಿಯೂರಿ ಕೂತು ಬೆವರು ಸುರಿಸಿ, ಒಳಗಿನ ತುಂಡು ಕಟಕ್ಕೆಂದು ಸರಿದ ಮೇಲೆ ಎದ್ದು ರಸ್ತೆ ಕಡೆ ಮುಖ ಮಾಡುವರು. "ನೋಡ್ಕಳಿ ಅಮ್ಮ, ನಿಮ್ಮದು ನೀವು ನೋಡ್ಕಳಿ" ಅನ್ನುವರು. ಒಳಗೆ ಏನಿದೆ ಎಂದು ಒಂದು ಸಲವೂ ಇಣುಕಿದವರಲ್ಲ. ಪಕ್ಕದ ಮನೆಯವರೊಬ್ಬರು ಬಂದು ನಿಲ್ಲದೆ ಕೆಲಸಕ್ಕೆ ಕೈ ಹಾಕುತ್ತಲೂ ಇರಲಿಲ್ಲ. ಹೊಸ ಬೀಗದ ಕೈ ಮಾಡಿಕೊಟ್ಟು, ಅದೇ ಬೀಗವನ್ನು ಮನೆಯವರಿಂದಲೇ ಹಾಕಿಸಿ ತೆಗೆಸಿ, ಒಂದು ಗೀರೂ ಬಿದ್ದಿಲ್ಲವೆಂದು ಒಪ್ಪಿಸಿದ ಮೇಲೆಯೇ ಹೊರಡುವುದು.

ಚಿಂತಾಮಣಿ ರಸ್ತೆಯಲ್ಲಿರುವ ನಮ್ಮೂರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಮೊಳೆ, ನಲ್ಲಿ, ಬಣ್ಣ, ಬೀಗ ಎಲ್ಲ ಸಿಗುತ್ತದೆ. ಸಾಬರು ನನ್ನ ಮೆಟ್ಟಿಲ ಪಕ್ಕದಲ್ಲೇ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು ಹದಿನೆಂಟು ವರ್ಷ ಕೂತಿದ್ದರು. ಬೀಗ ಕೊಂಡು ಅದನ್ನು ಎಲ್ಲಿಯೂ ಹಾಕದ ಗಿರಾಕಿ ಅವರೊಬ್ಬರೇ. ಹೊಸ ಮಾಲು ಬಂದಾಗಲೆಲ್ಲ ಒಂದು ಬೀಗ ಕೊಳ್ಳುವರು, ಅದರ ಕೈಗಳನ್ನು ನನ್ನ ಗಲ್ಲಾಪೆಟ್ಟಿಗೆಯಲ್ಲೇ ಬಿಟ್ಟು, ಮೆಟ್ಟಿಲ ಮೇಲೆ ಕೂತು ತೆಗೆಯಲು ಶುರುಮಾಡುವರು. ಅವರ ಮನೆ ಬಾಗಿಲಿಗಿದ್ದದ್ದು ಬರೀ ಚಿಲಕ.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಸಾಬ್ರೇ, ಇದನ್ನ ಯಾರ ಕೈಲೂ ತೆಗೆಯೋಕಾಗಲ್ಲ ಅಂತ ನಾನು ಒಳಗೆ ಮಾರ್ತಾ ಇದೀನಿ, ನೀವು ಹೊರಗೆ ಕೂತ್ಕೊಂಡು ತೆಗೀತಾ ಇದೀರ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ" ಎಂದು ರೇಗುತ್ತಿದ್ದೆ.

"ನಿಮ್ಮ ಬೀಗ ಒಳ್ಳೇದೇ ಶೆಟ್ರೇ" ಎನ್ನುವರು ತಲೆ ಎತ್ತದೆ. "ಕಳ್ಳನಿಗೆ ಇಷ್ಟು ತಾಳ್ಮೆ ಇದ್ದಿದ್ರೆ ಅವನು ಯಾಕೆ ಕಳ್ಳ ಆಗ್ತಿದ್ದ?"

ಅವರಿಗೆ ಹುಚ್ಚು ಹಿಡಿಸಿದ್ದು ಲಿವರ್ ಬೀಗಗಳು. ಒಳಗೆ ತೆಳುವಾದ ಹಿತ್ತಾಳೆ ತಗಡುಗಳು ಒಂದರ ಪಕ್ಕ ಒಂದು ಇರುತ್ತವೆ. ಒಂದೊಂದನ್ನೂ ಅದರದರ ಎತ್ತರಕ್ಕೆ ಸರಿಯಾಗಿ ಎತ್ತಿದರೆ ಮಾತ್ರ ಬೀಗ ಬಿಡುತ್ತದೆ. ಕೂದಲೆಳೆಯಷ್ಟು ಹೆಚ್ಚಾದರೂ ಇಲ್ಲ, ಕಮ್ಮಿಯಾದರೂ ಇಲ್ಲ. "ಜಬರ್ದಸ್ತಿ ನಡೆಯಲ್ಲ ಶೆಟ್ರೇ. ಒಂದೊಂದನ್ನೂ ಮಾತಾಡಿಸಬೇಕು" ಎನ್ನುವರು. ಆ ಮಾತುಕತೆಗೆ ಬೇಕಾದ ಕಡ್ಡಿಗಳನ್ನು ಸೈಕಲ್ ಕಡ್ಡಿ, ಛತ್ರಿ ಕಡ್ಡಿ, ಮುರಿದ ಗರಗಸದ ಬ್ಲೇಡು ಉಜ್ಜಿ ತಾವೇ ಮಾಡಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ ಚಿಕ್ಕಬಳ್ಳಾಪುರದ ಒಂದು ಚಹದಂಗಡಿಯಲ್ಲಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಬೀಗದವರು ಸೇರುತ್ತಿದ್ದರು. ಒಬ್ಬೊಬ್ಬರೂ ಒಂದು ಕಷ್ಟದ ಬೀಗ ತಂದು ಇನ್ನೊಬ್ಬರ ಮುಂದೆ ಇಡಬೇಕು. ಒಂದು ಸಲ ನಾನೂ ಹೋಗಿದ್ದೆ. ಯಾರೋ ಹೊಸದಾಗಿ ಮಾಡಿದ ಕಡ್ಡಿಯೊಂದು ಕೈಯಿಂದ ಕೈಗೆ ದಾಟುತ್ತಿತ್ತು. ಮದುವೆ ಸೀರೆ ಮುಟ್ಟಿ ನೋಡುವ ಹೆಂಗಸರ ಹಾಗೆ ಗಂಡಸರು ಅದರ ತುದಿ ಸವರುತ್ತಿದ್ದರು. ಚಹ ಆರಿದ್ದು ಯಾರಿಗೂ ಗೊತ್ತಾಗಲಿಲ್ಲ.

ಒಂದು ದಿನ ಸಾಬರು ದುಡ್ಡು ಕೂಡಿಟ್ಟು ತರಿಸಿದ್ದ ಕೊರಿಯರ್ ಪರದೇಶದಿಂದ ಬಂತು. ದೊಡ್ಡ ಲಿವರ್ ಬೀಗಗಳಿಗೆಂದೇ ಮಾಡಿದ ಸಾಧನ. ಉಕ್ಕಿನ ಕೊಳವೆಯೊಳಗೆ ಇನ್ನೊಂದು ಕೊಳವೆ, ತುದಿಯಲ್ಲಿ ಗುಂಡುಸೂಜಿಗಿಂತ ಸಣ್ಣ ಕೊಕ್ಕೆ, ಹಿಡಿಯ ಮೇಲೆ ಅಳತೆ ಗೆರೆ. ಒಂದು ತಿಂಗಳು ಅದನ್ನು ಕೆಲಸಕ್ಕೆ ಒಯ್ಯಲೇ ಇಲ್ಲ. ಬರೀ ಅಭ್ಯಾಸ. "ನಲವತ್ತು ವರ್ಷ ಕುರುಡನ ಥರ ತಡಕಾಡಿದ್ದೆ ಶೆಟ್ರೇ, ಈಗ ಬೆರಳಿಗೆ ಕಣ್ಣು ಬಂದಂಗಾಯ್ತು" ಎಂದರು. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡಿದ್ದು ಆಗಲೇ.

ಅದೇ ಸುಮಾರಿಗೆ ಎಂಟು ಲಿವರಿನ ಹೊಸ ಬೀಗ ಮಾರುಕಟ್ಟೆಗೆ ಬಂತು. ಮಾಲು ತೋರಿಸಲು ಬಂದ ಏಜೆಂಟು ಇದನ್ನು ಬ್ರಹ್ಮ ಬಂದರೂ ತೆಗೆಯಲಾರ ಎಂದು ಜಂಭ ಕೊಚ್ಚಿದ. ನಾನು ಸುಮ್ಮನಿರಬೇಕಿತ್ತು. "ಸಾಬ್ರೇ, ಬನ್ನಿ ಇಲ್ಲಿ" ಎಂದು ಕರೆದೆ. ಗಡಿಯಾರ ಹಿಡಿದು ನಿಂತವನೂ ನಾನೇ. ನಾಲ್ಕು ನಿಮಿಷ. ಏಜೆಂಟಿನ ಮುಖ ನೋಡಬೇಕಿತ್ತು. ಈ ಕಥೆಯನ್ನು ನಾನು ಊರಲ್ಲಿ ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ. ಸಾಬರ ವಿದ್ಯೆ ನನ್ನ ಮೆಟ್ಟಿಲ ಮೇಲೆ ಬೆಳೆದದ್ದು ಎಂಬ ಹಮ್ಮು ನನಗೆ.

ಆಮೇಲೆ ಕಳ್ಳತನವಾಯಿತು. ರೇಷ್ಮೆ ನೂಲಿನ ವ್ಯಾಪಾರ ಮಾಡುವ ನಂಜುಂಡಪ್ಪನವರ ಮನೆಯವರೆಲ್ಲ ಗೌರಿಬಿದನೂರಿಗೆ ಮದುವೆಗೆ ಹೋಗಿ ಬರುವುದರೊಳಗೆ ಬೀರುವಿನಲ್ಲಿದ್ದ ಒಡವೆ ಇರಲಿಲ್ಲ. ತಲೆಬಾಗಿಲಿಗೆ ಅದೇ ಎಂಟು ಲಿವರಿನ ಬೀಗ, ಹಾಕಿದ್ದು ಹಾಕಿದ ಹಾಗೇ ಇತ್ತು. ಬೀಗ ಎಲ್ಲಿ ಕೊಂಡದ್ದೆಂದು ವಿಚಾರಿಸಿಕೊಂಡು ಪೊಲೀಸಿನವರು ನನ್ನ ಅಂಗಡಿಗೆ ಬಂದರು. ಮಾಲು ಖೋಟಾ ಇರಬೇಕು, ಅದಕ್ಕೇ ಯಾರೋ ಸುಲಭವಾಗಿ ತೆಗೆದಿದ್ದಾರೆ ಎಂದು ಒಬ್ಬರು ಮೂಗು ಮುರಿದರು. ನನಗೆ ರೇಗಿಹೋಯಿತು.

"ಖೋಟಾ ಮಾಲು ಮಾರೋನಲ್ಲ ಸಾರ್ ನಾನು. ಆ ಬೀಗ ಮುರೀದೆ ತೆಗೆಯೋರು ಈ ಸುತ್ತಮುತ್ತ ಒಬ್ಬರೇ ಇರೋದು. ನಮ್ಮ ಖಲೀಲ್ ಸಾಬ್ರು. ನಾಲ್ಕು ನಿಮಿಷ, ನಾನೇ ಗಡಿಯಾರ ಹಿಡ್ಕೊಂಡು ನೋಡಿದೀನಿ" ಎಂದೆ.

ಹೇಳುವಾಗ ನನಗಿದ್ದದ್ದು ಹೆಮ್ಮೆ. ದೇವರಾಣೆ ಹೆಮ್ಮೆಯೇ. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ಪೆನ್ನು ಕೆಳಗಿಟ್ಟ ಮೇಲೆಯೇ ನಾನು ಆಡಿದ್ದೇನೆಂದು ನನಗೆ ಹೊಳೆದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಈ ಬಾಯಿಬಡುಕನಿಗೆ ಅದು ನೆನಪಾಗಬೇಕಾದ ಹೊತ್ತಿನಲ್ಲಿ ನೆನಪಾಗಲಿಲ್ಲ.

ಸಾಬರನ್ನು ನನ್ನ ಮೆಟ್ಟಿಲಿಂದಲೇ ಕರೆದುಕೊಂಡು ಹೋದರು. ಪೆಟ್ಟಿಗೆಯನ್ನೂ ಒಯ್ದರು. ಜೀಪು ಹತ್ತುವಾಗ ಅವರು ನನ್ನ ಕಡೆ ತಿರುಗಿ, "ಹೇಳಿ ಶೆಟ್ರೇ, ನನ್ನ ಕೆಲಸ ಹೆಂಗೆ ಅಂತ ನೀವೇ ಹೇಳಿ ಇವರಿಗೆ" ಎಂದರು. ನಾನು ಆಗಲೇ ಹೇಳಿಬಿಟ್ಟಿದ್ದೆನಲ್ಲ. ಪಕ್ಕದ ಮನೆಯವರಿಲ್ಲದೆ ಅವರು ಬೀಗ ಮುಟ್ಟುವುದಿಲ್ಲ, ತೆರೆದ ಬಾಗಿಲ ಕಡೆ ನೋಡುವುದಿಲ್ಲ ಎಂದು ಹೇಳುವವರು ಆ ಬೀದಿಯಲ್ಲಿ ನೂರು ಜನ ಇದ್ದರು. ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಿಸಿಕೊಂಡು ವಿಚಾರಿಸಿದರು. ಆ ಮೂರು ದಿನದಲ್ಲಿ ನನ್ನ ಅಂಗಡಿಯ ಬೀಗಗಳೆಲ್ಲ ಖಾಲಿಯಾದವು. ಕೊಳ್ಳಲು ಬಂದವರು ಯಾರೆಂದರೆ, ಸಾಬರಿಂದ ಬಾಗಿಲು ತೆಗೆಸಿಕೊಂಡು ಕೈ ಮುಗಿದಿದ್ದವರೇ. ನಿವೃತ್ತ ಮೇಷ್ಟ್ರೊಬ್ಬರು, "ಅವನ ಹತ್ರ ನಮ್ಮನೆ ಕೀ ಅಳತೆ ಇರುತ್ತಲ್ಲಪ್ಪ" ಎಂದರು. ಅವರ ಹೆಂಡತಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಬೀಗ ಹಾಕಿದ ಮನೆಯೊಳಗೆ ನರಳುತ್ತಿದ್ದಾಗ ಊಟ ಬಿಟ್ಟು ಓಡಿದ್ದವರು ಸಾಬರು. ನಾನು ಉಗಿದು ಕಳಿಸಬೇಕಿತ್ತು. ಬೀಗ ಕಟ್ಟಿಕೊಟ್ಟೆ.

ಮೂರು ವಾರ ಕಳೆದು ನಿಜ ಹೊರಬಿತ್ತು. ಬೀಗದ ಜೊತೆ ಬಂದಿದ್ದ ಮೂರು ಕೈಗಳಲ್ಲಿ ಒಂದು ನಂಜುಂಡಪ್ಪನವರ ಸ್ವಂತ ಭಾವಮೈದನ ಹತ್ತಿರ ಇತ್ತು. ಒಡವೆ ಮಾರಲು ಹೋಗಿ ಸಿಕ್ಕಿಬಿದ್ದ. "ಪಾಪ, ಸಾಬರದ್ದೇನೂ ಇಲ್ವಂತೆ" ಎಂದು ಊರು ಒಂದು ದಿನ ಮಾತಾಡಿಕೊಂಡಿತು. ಹೊಸ ಬೀಗವನ್ನು ಮಾತ್ರ ಯಾರೂ ಬಿಚ್ಚಲಿಲ್ಲ.

ಪೆಟ್ಟಿಗೆ ವಾಪಸು ಬಂದಾಗ ಪರದೇಶದ ಸಾಧನದ ಕೊಕ್ಕೆ ಮುರಿದಿತ್ತು. ಯಾವ ಪುಣ್ಯಾತ್ಮನೋ ಯಾವುದೋ ಬೀರುವಿಗೆ ತುರುಕಿ ತಿರುಗಿಸಿ ನೋಡಿದ್ದಾನೆ. ಸಾಬರು ಅದನ್ನು ಎರಡು ಸಲ ಹಿಂದೆ ಮುಂದೆ ಮಾಡಿ ನೋಡಿ, ಸೈಕಲ್ ಕಡ್ಡಿಗಳ ಜೊತೆಗೇ ಗುಜರಿಗೆ ಹಾಕಿದರು. ನನ್ನ ಮೆಟ್ಟಿಲಿಗೆ ಮತ್ತೆ ಬರಲಿಲ್ಲ. ಹಳೇ ಬಸ್ ನಿಲ್ದಾಣದ ಹತ್ತಿರ ಗೇಟು ಬೆಸೆಯುವವರ ಜೊತೆ ಕೆಲಸಕ್ಕೆ ಸೇರಿಕೊಂಡರೆಂದು ತಿಳಿಯಿತು. ಚಿಕ್ಕಬಳ್ಳಾಪುರದ ಭಾನುವಾರಗಳಿಗೂ ಹೋಗುತ್ತಿರಲಿಲ್ಲವಂತೆ.

ಕಳೆದ ವರ್ಷ ನನ್ನ ಗೋದಾಮಿನ ಬೀಗದ ಕೈಗಳು ಕಳೆದುಹೋದವು. ಹೇಳಿ ಕಳಿಸಿದೆ. ನಿಜ ಹೇಳಬೇಕೆಂದರೆ, ಕ್ಷಮೆ ಕೇಳಲು ಅದೊಂದು ನೆಪ. ಸಾಬರು ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಕಬ್ಬಿಣ ಕತ್ತರಿಸುವ ಗ್ರೈಂಡರ್ ಇತ್ತು.

"ಸಾಬ್ರೇ, ಅವತ್ತು ನಾನು ಹೆಮ್ಮೆಯಿಂದ ಹೇಳಿದ್ದು. ಹಿಂಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ತಪ್ಪಾಯ್ತು" ಎಂದೆ.

"ನೀವು ಸುಳ್ಳೇನೂ ಹೇಳ್ಲಿಲ್ವಲ್ಲ ಶೆಟ್ರೇ" ಎಂದರು. ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಗ್ರೈಂಡರ್ ಯಾಕೆ? ಇದು ಬರೀ ಆರು ಲಿವರ್ದು. ನಿಮಗೆ ಎರಡು ನಿಮಿಷದ ಕೆಲಸ."

ಅವರು ವೈರು ಸಿಕ್ಕಿಸಿದರು. ಕಿಡಿ ಹಾರಿತು, ಕೊಂಡಿ ತುಂಡಾಗಿ ನೆಲಕ್ಕೆ ಬಿತ್ತು, ಬಾಗಿಲ ಬಣ್ಣವೂ ಒಂದು ಗೇಣು ಸುಟ್ಟಿತು. ಸದ್ದಿಗೆ ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತಿದ್ದರು. ಸಾಬರು ಗ್ರೈಂಡರ್ ಆರಿಸಿ, ಅಷ್ಟೂ ಜನಕ್ಕೆ ಕೇಳಿಸುವ ಹಾಗೆ ಹೇಳಿದರು:

"ಶೆಟ್ರೇ, ಮುಂದೆ ಯಾರಾದ್ರೂ ಬಂದು ಕೇಳಿದ್ರೆ ಹಿಂಗೆ ಹೇಳಿ. ಖಲೀಲನಿಗೆ ಬೀಗ ತೆಗೆಯೋಕೆ ಬರಲ್ಲ, ಒಡೆಯೋಕೆ ಮಾತ್ರ ಬರುತ್ತೆ ಅನ್ನಿ. ಬೇಕಾದ್ರೆ ಸಹಿನೂ ಹಾಕಿ."