ಹಡಗಿನ ದರದಲ್ಲಿ ಕಾಕಾನ ಕಾಮಿಕ್ಸ್

ನಮ್ಮದು ಸೋಲಾಪುರದ ನೂಲಿನ ವ್ಯಾಪಾರದ ಮನೆ. ಇಂಥ ಮನೆಗಳಲ್ಲಿ ದೇವರ ಮುಂದೆ ಒಂದು ಸುಳ್ಳು ಹೇಳಿದರೂ ನಡೆದೀತು, ಸಾಗಾಣಿಕೆಗೆ ಒಂದು ರೂಪಾಯಿ ಹೆಚ್ಚು ತೆತ್ತು ಬಂದರೆ ನಡೆಯುವುದಿಲ್ಲ. ಯಾವ ಮಾಲು ರೈಲಿನಲ್ಲಿ ಹೋಗಬೇಕು, ಯಾವುದು ಲಾರಿಯಲ್ಲಿ, ಯಾವುದನ್ನು ಗೋದಾಮಿನಲ್ಲೇ ಕೂಡಿಸಿ ಒಂದೇ ಸಲಕ್ಕೆ ಹೊರಡಿಸಬೇಕು, ಇದೆಲ್ಲ ನಮ್ಮಪ್ಪನಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಆ ಜಾಣತನದಿಂದಲೇ ನಾವು ಕಾಕಾನಿಗೆ ಇದ್ದ ಒಬ್ಬಳೇ ಗೆಳತಿಯನ್ನು ಕಳೆದೆವು. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲಿನ ಸಿಟ್ಟು ಎಂದು ಕೇಳಬೇಡಿ, ಮನೆಯವರೆಲ್ಲರ ಮೇಲೂ.

ಕಾಕಾ ಎಂದರೆ ಅಪ್ಪನ ತಮ್ಮ. ಸೋಲಾಪುರದ ಗಾದಿ, ಅಂದರೆ ನೂಲಿನ ಅಂಗಡಿ, ಅಪ್ಪನದು, ಅಕ್ಕಲಕೋಟೆಯ ಬಟ್ಟೆ ಅಂಗಡಿ ಕಾಕಾನದು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಹಿರಿಯರೆಲ್ಲ ಕೇಳಿ ಕೇಳಿ ದಣಿದು ಬಿಟ್ಟುಬಿಟ್ಟಿದ್ದರು. ಧೋತರ, ತಲೆಗೆ ಸುತ್ತುವ ಪಟಗಾ, ಕುಪ್ಪಸದ ಖಣ ಮಾರುತ್ತ ಕೂತ ಮನುಷ್ಯನಿಗೆ ಇಂಗ್ಲಿಷ್ ಕಾಮಿಕ್ಸ್‌ನ ಹುಚ್ಚು ಹೇಗೆ ಹತ್ತಿತೋ ಶಿವನೇ ಬಲ್ಲ. ಅವನಿಗೆ ಇಂಗ್ಲಿಷ್ ಕೂಡಿಸಿ ಓದುವಷ್ಟು ಬರುತ್ತಿತ್ತು, ಅಷ್ಟೇ. ಸೋಲಾಪುರ ಸ್ಟೇಷನ್ನಿನ ಕಡೆ ಒಂದು ರದ್ದಿ ಅಂಗಡಿಯಿತ್ತು. ಅಲ್ಲಿ ಹಳೆಯ ವಿಲಾಯತಿ ಕಾಮಿಕ್ಸ್ ಕೆಲವು ಸಿಕ್ಕವು. ಹಿಂದಿನ ಪುಟದಲ್ಲಿ ಇಂಗ್ಲೆಂಡಿನ ಯಾವುದೋ ಬಂದರು ಊರಿನ ಅಂಗಡಿಯೊಂದರ ಮುದ್ರೆ: ಹಳೆಯ ಕಾಮಿಕ್ಸ್ ಕೊಳ್ಳುತ್ತೇವೆ, ಮಾರುತ್ತೇವೆ, ಅಂಚೆಯಲ್ಲೂ ಕಳಿಸುತ್ತೇವೆ. ನಾನಾಗ ಕಾಮರ್ಸ್ ಕಾಲೇಜಿನಲ್ಲಿದ್ದೆ. ಕಾಕಾ ಆ ಪುಸ್ತಕ ಹಿಡಿದುಕೊಂಡು ಬಂದ.

"ಅವ್ವಿ, ನಿನ್ನ ಇಂಗ್ಲಿಷಿಗೆ ನಿಮ್ಮಪ್ಪ ಫೀ ತುಂಬ್ಯಾನ. ಒಂದು ಕಾಗದ ಬರದು ಆ ರೊಕ್ಕಾ ವಸೂಲ ಮಾಡು."

ಹಾಗೆ ಶುರುವಾಯಿತು. ಅಂಗಡಿ ನಡೆಸುತ್ತಿದ್ದವಳು ಗಂಡ ತೀರಿಹೋಗಿದ್ದ, ಕಾಕಾನಿಗಿಂತ ಐದಾರು ವರ್ಷ ದೊಡ್ಡವಳಾದ ಹೆಂಗಸು. ನಮ್ಮ ಮನೆಯಲ್ಲಿ ಅವಳು ಬರಿ 'ಬಾಯಿ', ಮರಾಠಿಯವರು ಹೆಂಗಸರನ್ನು ಕರೆಯುವ ಹಾಗೆ. ಹೊರದೇಶಕ್ಕೆ ದುಡ್ಡು ಕಳಿಸಬೇಕೆಂದರೆ ಆಗ ಸರಕಾರದ ಅಪ್ಪಣೆ, ಅರ್ಜಿ, ಮುಂಬಯಿಗೆ ಓಡಾಟ. ಕಾಮಿಕ್ಸ್ ಸಲುವಾಗಿ ಅಂತ ಹೇಳಿದರೆ ನಕ್ಕು ಕಳಿಸುತ್ತಿದ್ದರು. ಅದಕ್ಕೆ ಕಾಕಾ ಹಳೆಯ ಕಾಲದ ದಾರಿ ಹಿಡಿದ: ನಾನು ಚಾದರ ಕಳಿಸುತ್ತೇನೆ, ನೀವು ಅದರ ಬೆಲೆಯಷ್ಟು ಪುಸ್ತಕ ಕಳಿಸಿರಿ, ನಿಮ್ಮ ಅಂಚೆ ಖರ್ಚು ಅದರಲ್ಲೇ ವಜಾ ಮಾಡಿಕೊಳ್ಳಿರಿ. ಬಾಯಿ ಒಪ್ಪಿದಳು. ನಮ್ಮ ಚಾದರ ಬಿಳಿ ಬಟ್ಟೆಯಲ್ಲಿ ಹೊಲಿಸಿಕೊಂಡು, ಹೊಲಿಗೆಯ ಮೇಲೆಲ್ಲ ಅರಗಿನ ಮುದ್ರೆ ಒತ್ತಿಸಿಕೊಂಡು ಹಡಗಿನಲ್ಲಿ ಹೋಯಿತು. ಆಗ ಸುಯೆಜ್ ಕಾಲುವೆ ಮುಚ್ಚಿತ್ತು. ಹಡಗುಗಳು ಆಫ್ರಿಕಾವನ್ನೇ ಸುತ್ತು ಹಾಕಬೇಕು, ಹೀಗಾಗಿ ಚಾದರ ಮುಟ್ಟುವಷ್ಟರಲ್ಲಿ ಇಲ್ಲಿ ಹಂಗಾಮೇ ಬದಲಾಗಿತ್ತು.

ಆದರೆ ಬಾಯಿ ತನ್ನ ಕಡೆಯಿಂದ ಹಡಗಿಗೆ ಹಾಕಲಿಲ್ಲ. ತಿಂಗಳಿಗೆ ಒಂದೋ ಎರಡೋ ಕಾಮಿಕ್ಸ್, ಗಟ್ಟಿ ಲಕೋಟೆಯಲ್ಲಿ, ವಿಮಾನದ ಅಂಚೆಯಲ್ಲಿ. ಜೊತೆಗೆ ಒಂದು ಕಾಗದ. ಎರಡು ಹಾಳೆ, ಮೂರು ಹಾಳೆ. ಲಕೋಟೆ ಸೋಲಾಪುರದ ನಮ್ಮ ಗಾದಿಯ ಪತ್ತೆಗೆ ಬರುತ್ತಿತ್ತು. ರವಿವಾರ ನಾನು ಎಸ್‌ಟಿ ಬಸ್ಸು ಹತ್ತಿ ಅಕ್ಕಲಕೋಟೆಗೆ ಒಯ್ದು ಓದಿ ಹೇಳುತ್ತಿದ್ದೆ.

ಆ ಕಾಗದಗಳಲ್ಲಿ ವ್ಯಾಪಾರದ ಮಾತು ಕೊನೆಗೆ ಒಂದೇ ಸಾಲು. ಉಳಿದದ್ದೆಲ್ಲ ಸಂಸಾರ. ಅಂಗಡಿಯ ಬೆಕ್ಕು ಯುದ್ಧದ ಕಥೆಗಳ ಡಬ್ಬಿಯಲ್ಲೇ ಮರಿ ಹಾಕಿದ್ದು, ಎದುರಿನ ಬ್ರೆಡ್ಡಿನವನು ಮಾತು ಬಿಟ್ಟದ್ದು, ಮಳೆ ಎಂಟು ದಿನದಿಂದ ನಿಲ್ಲದ್ದು. ಸೋಲಾಪುರದಲ್ಲಿ ಹಾಗೆ ಮಳೆ ಬಿದ್ದರೆ ನಾವು ಆನೆಯ ಮೇಲೆ ಸಕ್ಕರೆ ಹಂಚುತ್ತೇವೆ ಎಂದು ಕಾಕಾ ಬರೆಸಿದ. ಒಮ್ಮೆ ವಾಗದರಿಯ ಕುರುಬರ ಹಿರಿಯನೊಬ್ಬ ಪಟಗಾ ಕೊಳ್ಳಲು ಬಂದು, ಕಾಕಾನ ತೊಡೆಯ ಮೇಲೆ ತೆರೆದಿದ್ದ ಕಾಮಿಕ್ಸ್‌ನಲ್ಲಿ ಚಂದ್ರನ ಮೇಲೆ ನಿಂತವನನ್ನು ನೋಡಿದ.

"ಸಾವಕಾರ್ರ, ಇಂವ ತಲಿಗೆ ಉಪ್ಪಿನಕಾಯಿ ಭರಣಿ ಯಾಕ ಹಾಕ್ಕೊಂಡಾನ?"

"ಅಲ್ಲಿ ಗಾಳಿ ಇಲ್ಲೊ ಯಪ್ಪಾ."

"ಗಾಳಿ ಇಲ್ಲದಲ್ಲಿಗೆ ಯಾಕ ಹೋದ? ಮನ್ಯಾಗ ಕೆಲಸ ಇರಲಿಲ್ಲೇನು?"

ಇದನ್ನು ಬರೆಸಿದ್ದಕ್ಕೆ ಬಾಯಿ ಆ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಗಡಿಯ ಬಾಗಿಲಿಗೆ ಅಂಟಿಸಿದಳಂತೆ. ಇನ್ನೊಮ್ಮೆ ಕಾಕಾ ಚಾದರದ ಮಡಿಕೆಯೊಳಗೆ ಶೇಂಗಾ ಹಿಂಡಿಯ, ಅದೇ ಖಾರದ ಚಟ್ನಿಯ, ಪೊಟ್ಟಣ ಇಟ್ಟು ಕಳಿಸಿದ. ಎಣ್ಣೆ ಇಳಿದು ಚಾದರ ಹಾಳಾಯಿತು. ಬಾಯಿ ಹಿಂಡಿಯನ್ನು ಬ್ರೆಡ್ಡಿಗೆ ಸವರಿಕೊಂಡು ತಿಂದು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿ, ಗಂಡ ಸತ್ತ ಮೇಲೆ ಇಷ್ಟು ಅತ್ತದ್ದು ಇದೇ ಮೊದಲು, ಮುಂದಿನ ಸಲ ಇನ್ನಷ್ಟು ಕಳಿಸಿರಿ ಎಂದು ಬರೆದಳು. ಕಾಕಾ ರೊಕ್ಕದ ಗಲ್ಲೆಯ ಮೇಲೆ ಕೈ ಬಡಿದು ನಕ್ಕ. ನಾನು ಅವನನ್ನು ಹಾಗೆ ನಗುವಾಗ ನೋಡಿದ್ದು ಆ ಒಂದೆರಡು ವರ್ಷ ಮಾತ್ರ. ಓದಿ ಮುಗಿಸಿದ ಮೇಲೆ, "ಇನ್ನೊಮ್ಮೆ ಓದವ್ವಾ, ಆ ಬೆಕ್ಕಿಂದು," ಎನ್ನುತ್ತಿದ್ದ. ಕಾಮಿಕ್ಸ್ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಇದನ್ನು ಕಣ್ಣಾರೆ ಕಂಡೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಕಾಮರ್ಸ್ ಓದುವವರ ತಲೆ!

ಒಂದು ದಿನ ಲಕೋಟೆ ಅಪ್ಪನ ಕೈಗೆ ಸಿಕ್ಕಿತು. ಅದಕ್ಕೆ ಅಂಟಿಸಿದ್ದ ಸ್ಟಾಂಪುಗಳನ್ನು ಅಪ್ಪ ನೋಡಿದ. ಹುಬ್ಬು ಗಂಟಿಕ್ಕಿತು. ಮಾದರಿ ನೂಲು ತೂಗುವ ಸಣ್ಣ ತಕ್ಕಡಿ ತರಿಸಿ ಕಾಮಿಕ್ಸ್ ಒಂದು ಪರಡಿಗೆ, ಕಾಗದದ ಹಾಳೆಗಳನ್ನು ಇನ್ನೊಂದಕ್ಕೆ ಹಾಕಿದ. ಆ ವಾರ ಬಾಯಿ ಬಹಳ ಬರೆದಿದ್ದಳು, ಕಾಗದದ ಪರಡಿ ಹೆಚ್ಚುಕಡಿಮೆ ಕಾಮಿಕ್ಸ್‌ನಷ್ಟೇ ತೂಗಿತು. ಕಾಕಾ ನೂಲಿನ ವಹಿವಾಟಿಗೆಂದು ಬಂದವನು ಅಲ್ಲೇ ಕೂತಿದ್ದ.

"ನೋಡ ತಮ್ಮಾ," ಅಂದ ಅಪ್ಪ. "ನಾಕಾಣೆ ಪುಸ್ತಕಕ್ಕ ಎಷ್ಟ ಸ್ಟಾಂಪ್ ಹಚ್ಚ್ಯಾಳ. ಚಾರ್ ಆಣ್ಯಾಚಿ ಕೊಂಬಡಿ ಅನ್ ಬಾರಾ ಆಣ್ಯಾಚಾ ಮಸಾಲಾ." ನಾಲ್ಕಾಣೆಯ ಕೋಳಿಗೆ ಹನ್ನೆರಡಾಣೆಯ ಮಸಾಲೆ ಎಂದರ್ಥ. ಕೋಳಿಯನ್ನು ಕಣ್ಣೆತ್ತಿ ನೋಡದ ನಮ್ಮಪ್ಪನಿಗೆ ಲುಕ್ಸಾನಿನ ಮಾತು ಬಂದಾಗ ಮಾತ್ರ ಈ ಮರಾಠಿ ಕೋಳಿ ನೆನಪಾಗುತ್ತಿತ್ತು. "ಈ ಖರ್ಚು ಯಾರದು? ನಿಂದು. ನಿನ್ನ ಚಾದರದಾಗ ವಜಾ. ನಿನಗ ಬರೂ ಪುಸ್ತಕ ಆ ವಿಮಾನ ತಿನ್ನಾಕತ್ತೈತಿ."

ಅಪ್ಪ ಅಂಚೆ ಕಚೇರಿಗೆ ಹೋಗಿ ಎಲ್ಲ ವಿಚಾರಿಸಿಕೊಂಡೇ ಬಂದ. ವಿಮಾನದ ಲಕೋಟೆ ಎಲ್ಲಕ್ಕಿಂತ ತುಟ್ಟಿ. ವಿಮಾನದ ಪಾರ್ಸಲ್ ಕೂಡ ಅದರ ತಮ್ಮನೇ. ಹಡಗಿನ ಪಾರ್ಸಲ್ ಅಗ್ಗ, ಆದರೆ ಮುಂಬಯಿಯಲ್ಲಿ ಕಸ್ಟಮ್ಸಿನವರು ಬಿಚ್ಚಿ ನೋಡುತ್ತಾರೆ, ಸುಂಕ ಬಿದ್ದರೂ ಬಿತ್ತು. ಎಲ್ಲಕ್ಕಿಂತ ಸಸ್ತಾ ಅಂದರೆ ಹಡಗಿನಲ್ಲಿ ಬುಕ್ ಪೋಸ್ಟ್. ಅಚ್ಚಾದ ಕಾಗದಕ್ಕೆ ಬೇರೆಯೇ ದರ. ಎರಡೂ ತುದಿ ತೆರೆದಿಟ್ಟು ಹುರಿ ಕಟ್ಟಬೇಕು, ಅಂಚೆಯವರು ಇಣುಕಿ ನೋಡುವ ಹಾಗಿರಬೇಕು. ಒಂದೇ ಕಟ್ಟಳೆ: ಒಳಗೆ ಕೈಬರಹದ ಕಾಗದ ಇರಕೂಡದು. ಇದ್ದರೆ ಪೂರ್ತಿ ಲಕೋಟೆಯ ದರ ವಸೂಲು.

"ಒಂದು ಚಾದರಕ್ಕ ಈಗ ಬರೂದರ ಎರಡ ಪಟ್ಟು ಪುಸ್ತಕ ಬರ್ತಾವ," ಅಂದ ಅಪ್ಪ. "ಕೂಡಿಟ್ಟು ಒಮ್ಮೆ ಹಾಕಂತ ಬರಿ. ಗಡಿಬಿಡಿ ಏನೈತಿ?"

ಕಾಕಾ ಚಾಪೆಯ ಅಂಚು ಕೀಳುತ್ತ ಕೂತ.

"ಲೆಕ್ಕ ಬರೋಬ್ಬರಿ ಐತಿ, ಅಣ್ಣಾ," ಎಂದ.

ಮತ್ತೇನು ಅನ್ನಬಹುದಿತ್ತು ಅವನು? ಹೆಚ್ಚು ಖರ್ಚು ಮಾಡಿ ಕಡಿಮೆ ಮಾಲು ತರಿಸಿಕೊಳ್ಳುವುದೇ ನನಗೆ ಇಷ್ಟ ಎಂದು ನಮ್ಮ ಗಾದಿಯ ಮೇಲೆ ಕೂತು ಹೇಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಅಪ್ಪ ಹೇಳಿದ, ನಾನು ಬರೆದೆ. ಕಾಲೇಜಿನಲ್ಲಿ ಕಲಿತ ವ್ಯಾಪಾರಿ ಇಂಗ್ಲಿಷು ಉಪಯೋಗಕ್ಕೆ ಬಂತೆಂದು ಉಬ್ಬಿ ಬರೆದೆ. ಇನ್ನು ಮುಂದೆ ದಯವಿಟ್ಟು ಪುಸ್ತಕಗಳ ಜೊತೆ ಬೇರೇನನ್ನೂ ಇಡಬಾರದು, ಹೆಚ್ಚಿನ ತೂಕದ ಹೊರೆ ನಮ್ಮ ಮೇಲೆ ಬೀಳುತ್ತದೆ. ಆ ಸಾಲನ್ನು ಆ ಬಾಯಿ ಹೇಗೆ ಓದಿಕೊಂಡಿರಬೇಕು ಎಂದು ಈಗ ಯೋಚಿಸುತ್ತೇನೆ. ಆಗ ಯೋಚಿಸಲಿಲ್ಲ.

ಉತ್ತರ ಚುಟುಕಾಗಿ ಬಂತು. ತಪ್ಪಾಯಿತು, ನನ್ನ ಹರಟೆಗೆ ನೀವು ದುಡ್ಡು ಕಟ್ಟುತ್ತಿದ್ದೀರೆಂದು ಹೊಳೆಯಲೇ ಇಲ್ಲ, ಇನ್ನು ನೀವು ಹೇಳಿದ ಹಾಗೆಯೇ. ನಾನು ಓದಿ ಹೇಳಿದೆ. ಕಾಕಾನ ಮುಖ ಸಪ್ಪಗಾಯಿತು. ಒಬ್ಬ ಗಿರಾಕಿ ಬಂದ, ಎದ್ದು ಧೋತರ ತೋರಿಸತೊಡಗಿದ.

ಮುಂದೆ ಕಟ್ಟುಗಳು ಬಂದವು. ಅಪ್ಪನ ಲೆಕ್ಕ ಎಂದೂ ತಪ್ಪಿದ್ದಲ್ಲ, ಎರಡು ಪಟ್ಟಿಗಿಂತಲೂ ಸ್ವಲ್ಪ ಹೆಚ್ಚೇ ಬಂದವು. ಕಂದು ಕಾಗದ, ಸೆಣಬಿನ ಹುರಿ, ಎರಡೂ ತುದಿ ತೆರೆದಿದ್ದವು. ಅಪ್ಪ ಬಂದವರಿಗೆಲ್ಲ ತೋರಿಸಿ ಹೇಳಿಕೊಂಡ. ಕಾಕಾ ಕಟ್ಟು ಬಿಚ್ಚಿ ಒಂದೊಂದೇ ಪುಸ್ತಕ ಎತ್ತಿ, ಪುಟ ಪುಟ ತಿರುವಿ, ಬೆನ್ನು ಹಿಡಿದು ಮೆಲ್ಲಗೆ ಝಾಡಿಸಿ ಕೆಳಗಿಡುತ್ತಿದ್ದ. ಹರಿದ ಪುಟ ನೋಡುತ್ತಿದ್ದಾನೆ, ಸಂಗ್ರಹ ಮಾಡುವವರ ಚಟ, ಎಂದುಕೊಂಡೆ. ನಾಲ್ಕನೆಯದೋ ಐದನೆಯದೋ ಕಟ್ಟು ಬಿಚ್ಚುವಾಗ, ಕೊನೆಯ ಪುಸ್ತಕ ಝಾಡಿಸಿ ಅವನು ನನ್ನ ಕಡೆ ನೋಡಿದ ನೋಟದಿಂದ ನನಗೆ ತಿಳಿಯಿತು, ಅವನು ಹುಡುಕುತ್ತಿದ್ದದ್ದು ಕಾಗದವನ್ನು.

"ಕಾಕಾ, ಏರೋಗ್ರಾಮ್ ಅಂತ ಸಿಗ್ತೈತಿ," ಅಂದೆ. "ಹಗುರ ಇರ್ತೈತಿ, ಬಹಳ ಖರ್ಚಿಲ್ಲ. ಬರೇ ಕಾಗದಷ್ಟ ಬರಿಯೂಣು."

"ಏನಂತ ಬರೀಲಿ?"

"ಚೆಂದಾಗಿದ್ದೀರೇನು ಅಂತ."

"ಹುಚ್ಚಿ. ಮಾಲಿನ ಮಾತಿಲ್ಲದ ಸುಮ್ಮ ಸುಮ್ಮನ ಪರ ಹೆಣ್ಣಮಗಳಿಗೆ ಹ್ಯಾಂಗ ಬರೀತಿ? ಆಕಿ ಏನ ತಿಳಕೊಂಡಾಳು?"

ಆದರೂ ನಾನು ತಂದೆ. ಅವನು ಬರೆಸಿದ್ದು: ಕಟ್ಟು ಸುರಕ್ಷಿತವಾಗಿ ಮುಟ್ಟಿತು, ಪುಸ್ತಕಗಳು ಒಳ್ಳೆಯ ಸ್ಥಿತಿಯಲ್ಲಿವೆ, ಮುಂದಿನ ಚಾದರ ಯಾವ ಬಣ್ಣದ್ದು ಕಳಿಸಲಿ. ಬೆಕ್ಕಿನ ಮಾತು ಸೇರಿಸಲೇ ಎಂದೆ. ಬ್ಯಾಡ ಎಂದ. ಅತ್ತ ಕಡೆಯಿಂದಲೂ ಅಷ್ಟೇ ಬಂತು: ನೀಲಿ. ಇಬ್ಬರೂ ಅಂಗಡಿಕಾರರು. ಸರಕಿನ ನೆಪ ಇದ್ದಾಗ ಎರಡು ಮೂರು ಹಾಳೆ ಮಾತಾಡಿದವರಿಗೆ ನೆಪ ಕಿತ್ತುಕೊಂಡ ಮೇಲೆ ಮಾತು ಬರದಾಯಿತು. ಆ ನೆಪವನ್ನು ತಕ್ಕಡಿಗೆ ಹಾಕಿ ತೂಗಿ ತೆಗೆದುಹಾಕಿದವರು ನಾವು.

ಹೀಗೇ ಎರಡು ವರ್ಷ. ಸುಯೆಜ್ ಕಾಲುವೆ ಮತ್ತೆ ತೆರೆಯಿತು ಎಂದು ಪತ್ರಿಕೆಯಲ್ಲಿ ಬಂದ ದಿನ ಅಪ್ಪ, "ಇನ್ನ ತಮ್ಮನ ಪುಸ್ತಕ ಲಗೂನ ಬರ್ತಾವ," ಎಂದು ಖುಷಿಪಟ್ಟ. ಸುಳ್ಳು ಹೇಳಬಾರದು, ಅಪ್ಪನಿಗೆ ತಮ್ಮನೆಂದರೆ ಜೀವ. ಆ ಜೀವ ಅವನಿಗೆ ದರಗಳ ಮೂಲಕ ಮಾತ್ರ ತೋರಿಸಲು ಬರುತ್ತಿತ್ತು.

ಅದರ ಮುಂದಿನ ಬೇಸಿಗೆಯಲ್ಲಿ ಅಂಚೆಯವನು ಕಟ್ಟಲ್ಲ, ಒಂದು ದಪ್ಪ ಚೀಲವನ್ನೇ ತಂದು ಗಾದಿಯ ಮುಂದೆ ಇಳಿಸಿದ. ಅಚ್ಚಾದ ಪುಸ್ತಕಗಳನ್ನು ಚೀಲಗಟ್ಟಲೆ ಕಳಿಸುವ ದರವೂ ಒಂದಿದೆಯಂತೆ. ಕಾಕಾನೂ ಆವತ್ತು ಸೋಲಾಪುರದಲ್ಲೇ ಇದ್ದ. ಚೀಲ ಸುರುವಿದರೆ ಗಾದಿ ತುಂಬ ಕಾಮಿಕ್ಸ್. ಆಫ್ರಿಕಾದ ಕಾಡು, ಫುಟ್‌ಬಾಲ್, ಚಂದ್ರಲೋಕ, ಅವನು ವರ್ಷಗಟ್ಟಲೆ ಕೇಳಿ ಸಿಗದ ಸಂಚಿಕೆಗಳು ಕೂಡ. ಕಾಕಾ ಅದರಲ್ಲಿ ಒಂದನ್ನೂ ಮುಟ್ಟಲಿಲ್ಲ. ಚೀಲದ ಕೊರಳಿಗೆ ಕಸ್ಟಮ್ಸಿನ ಹಸಿರು ಚೀಟಿ ಕಟ್ಟಿತ್ತು. ಒಳಗೆ ಏನಿದೆ, ಬೆಲೆ ಎಷ್ಟು ಎಂದು ಕಳಿಸುವವರು ಅದರಲ್ಲಿ ಬರೆಯಲೇಬೇಕು. ಕೈಯಿಂದ ಬರೆಯಲು ಅಪ್ಪಣೆಯಿದ್ದ ಜಾಗ ಅದೊಂದೇ. ಬಾಯಿಯ ಅಕ್ಷರ ನನಗೆ ಗುರುತಿತ್ತು.

"ಏನೈತಿ ಓದು," ಎಂದ ಕಾಕಾ.

ಓದಿದೆ. ಹಳೆಯ ಕಾಮಿಕ್ಸ್. ಬೆಲೆ ಇಲ್ಲ. ಮಾರಾಟಕ್ಕಲ್ಲ, ಸ್ನೇಹಿತರಿಗೆ. ಅಂಗಡಿ ಬಿಟ್ಟುಕೊಟ್ಟೆ.

ಅಪ್ಪನಿಗೆ ಮೊದಲಿನ ಮೂರು ಮಾತು ಮಾತ್ರ ಕೇಳಿಸಿರಬೇಕು. ಒಂದು ಪುಸ್ತಕ ಎತ್ತಿ ಹಿಡಿದ. "ತಮ್ಮಾ, ಇಷ್ಟ ಮಾಲು ಫುಕಟ! ಸಾಗಾಣಿಕೀನೂ ಆಕೀನ ಕೊಟ್ಟಾಳ!"

"ಅಣ್ಣಾ," ಎಂದ ಕಾಕಾ. ದನಿ ಏರಿಸಲಿಲ್ಲ. "ನನಗ ಮಾಲು ಬೇಕಾಗಿರಲಿಲ್ಲ. ಆಕಿ ಕಾಗದ ಬೇಕಾಗಿತ್ತು."

ಅಪ್ಪ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟ, ತಮ್ಮನ ಮುಖ ನೋಡಿದ, ಚೀಟಿ ನೋಡಿದ. ಆಮೇಲೆ ಗಲ್ಲೆ ತೆಗೆದು, ಎಣಿಸದೆ, ನೋಟುಗಳನ್ನು ನನ್ನ ಕೈಗೆ ತುರುಕಿದ. ನಮ್ಮಪ್ಪ ಎಣಿಸದೆ ಕೊಟ್ಟದ್ದನ್ನು ನಾನು ಮೊದಲ ಸಲ ಕಂಡೆ.

"ಹೋಗವ್ವಾ, ಈಗಿಂದೀಗ ಬರಿ. ವಿಮಾನದಾಗ ಹಾಕು, ರಜಿಸ್ಟರ್ ಮಾಡು. ಎಷ್ಟರೆ ಆಗಲಿ. ಕಾಕಾ ಹೇಳಿದಷ್ಟೂ ಬರಿ, ಎಷ್ಟ ಹಾಳಿ ಆದರೂ ಆಗಲಿ."

ನಾನು ಕಾಗದ, ಪೆನ್ನು ತಂದು ಕೂತೆ. ಕಾಕಾ ಆ ಹಸಿರು ಚೀಟಿಯ ಎರಡೂ ಮಗ್ಗಲು ನೋಡಿ, "ಎಲ್ಲಿಗಿ ಬರೀತಿ?" ಎಂದ.

ಅಷ್ಟು ವರ್ಷ ವ್ಯವಹಾರ ಮಾಡಿದ್ದರೂ ನಮ್ಮ ಹತ್ತಿರ ಇದ್ದದ್ದು ಆ ಬಿಟ್ಟುಕೊಟ್ಟ ಅಂಗಡಿಯ ಪತ್ತೆ ಒಂದೇ. ಅವಳ ಮನೆ ಎಲ್ಲಿ ಎಂದು ನಾವು ಮೂವರಲ್ಲಿ ಯಾರೂ ಕೇಳಿರಲಿಲ್ಲ.