ಶಬಾನಾಳ ತಪ್ಪು, ನನ್ನ ಹೊಟ್ಟೆಕಿಚ್ಚು

ಬಿ.ಎಡ್. ಓದುವಾಗ ಸಮುದಾಯ ಸೇವೆಗೆಂದು ನನ್ನನ್ನೂ ಸಹಪಾಠಿ ಶಬಾನಾಳನ್ನೂ ಹರ್ತಿ ಎಂಬ ಹಳ್ಳಿಗೆ ಕಳಿಸಿದ್ದರು. ಸಂಜೆ ಶಾಲೆಯ ಪಡಸಾಲೆಯಲ್ಲಿ ಊರ ಹೆಂಗಸರಿಗೆ ಓದು ಬರಹ ಕಲಿಸುವ ಕೆಲಸ. ಇಬ್ಬರಿಗೂ ಒಂದೊಂದು ಕರಿಹಲಗೆ. ನನ್ನ ಅಕ್ಷರಗಳು ಮುತ್ತು ಪೋಣಿಸಿದಂತೆ ಇರುತ್ತಿದ್ದವು. ಆದರೂ ಹೆಂಗಸರೆಲ್ಲ ಶಬಾನಾಳ ಮುಂದೆಯೇ ಹೋಗಿ ಕೂರುತ್ತಿದ್ದರು. ಅವರ ನಗು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ತಡೆಯಲಾರದೆ ಒಂದು ದಿನ, ಕಲಿಯಲು ಬರುತ್ತಿದ್ದ ನೀಲವ್ವಜ್ಜಿಯನ್ನು ಕೇಳಿಯೇಬಿಟ್ಟೆ. "ಯಾಕಜ್ಜಿ, ನಾ ಚಲೋ ಕಲಸಂಗಿಲ್ಲೇನ?"

"ನೀವು ಭಾಳ ಚಲೋ ಕಲಸ್ತೀರಿ ಅಕ್ಕೋರ," ಅಂದಳು ಅಜ್ಜಿ. "ಆದ್ರ ಶಬಾನಾ ಅವಸರದಾಗ ತಪ್ಪು ಬರೀತಾಳ, ನಕ್ಕು ಒರಸ್ತಾಳ. ಅಕಿ ಮುಂದ ತಪ್ಪು ಮಾಡಾಕ ನಮಗೂ ನಾಚಿಕಿ ಆಗಂಗಿಲ್ಲ."

ಮರುದಿನ ನಾನೂ ಬೇಕೆಂದೇ 'ಅಕ್ಕ'ನ ಒತ್ತು ಬಿಟ್ಟು ಬರೆದು, ಜೋರಾಗಿ ನಕ್ಕು ಒರೆಸಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ತಪ್ಪು ಮಾಡುವುದರಲ್ಲೂ ಅವಳದೇ ಮೊದಲ ನಂಬರ್!